ಶೀಟಿನ ರೂಮಿನ ನಾಯಿಮರಿ

ನನ್ನ ಗಂಟಲು ದೊಡ್ಡದು. ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ಹುಟ್ಟಿದವಳು ನಾನು. ನಡುಮನೆಯಲ್ಲಿ ಎರಡು ಮಗ್ಗ ಲಟಕ್ ಲಟಕ್ ಅನ್ನುತ್ತಿದ್ದರೆ, ಅಡುಗೆಮನೆಯಿಂದ ಅವ್ವ ಕೂಗಿದ್ದು ಅಪ್ಪನಿಗೆ ಕೇಳಬೇಕಾದರೆ ಬೀದಿಗೂ ಕೇಳುವ ಹಾಗೆ ಕೂಗಬೇಕಿತ್ತು. ನಾವೂ ಹಾಗೇ ಕಲಿತೆವು. ಮದುವೆಯಾಗಿ ಚಳ್ಳಕೆರೆಗೆ ಬಂದ ಹೊಸದರಲ್ಲಿ ನಮ್ಮ ಮನೆಯವರು, "ಮೆಲ್ಲಗೆ ಮಾತಾಡೇ, ಎಣ್ಣೆ ಮಿಲ್ಲಿನೋರು ಸೈರನ್ ಆಯ್ತು ಅಂತ ಊಟಕ್ಕೆ ಎದ್ದುಬಿಡ್ತಾರೆ" ಅಂತ ರೇಗಿಸುತ್ತಿದ್ದರು. ನಾನು ಇನ್ನೂ ಜೋರಾಗಿ ಉತ್ತರ ಕೊಡುತ್ತಿದ್ದೆ. ಈ ಗಂಟಲಿನ ಮೇಲೆ ನನಗೆ ಹೆಮ್ಮೆಯೇ ಇತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮದು ಮಾವನ ಕಾಲದಿಂದ ಹಿಂಡಿ, ಬೂಸಾ ಮಾರುವ ಅಂಗಡಿ. ಜನ ನಾಯಿ ಬಿಸ್ಕತ್ತು ಕೇಳತೊಡಗಿದರು ಅಂತ ನಮ್ಮವರು ಅದನ್ನು ತಂದಿಟ್ಟರು. ಆಮೇಲೆ ಮೀನಿನ ತೊಟ್ಟಿ ಬಂತು, ಲವ್ ಬರ್ಡ್ಸ್ ಬಂದವು, ಮೊಲ ಬಂದವು, ಕೊನೆಗೆ ನಾಯಿಮರಿಗಳೂ ಬಂದವು. ಬೂಸಾ ಮೂಟೆಗಳೆಲ್ಲ ಮಹಡಿ ಮೇಲೆ ತಗಡಿನ ಶೀಟು ಹೊದಿಸಿದ ರೂಮಿಗೆ ಹೋದವು. ಅಂಗಡಿಯ ಹಿಂದೆಯೇ ನಮ್ಮ ಮನೆ. ನಡುಮನೆಯಿಂದ ಮೆಟ್ಟಿಲು ಹತ್ತಿದರೆ ನೇರ ಆ ರೂಮಿನ ಬಾಗಿಲು.

ಅಂಗಡಿಯಲ್ಲಿ ನಮ್ಮವರದು ಒಂದೇ ಕಟ್ಟಳೆ: ಮಾರುವ ಜೀವಕ್ಕೆ ಹೆಸರಿಡಬಾರದು. ಹೆಸರಿಟ್ಟರೆ ಕೊಡೋಕೆ ಮನಸ್ಸು ಬರಲ್ಲ ಅನ್ನುತ್ತಿದ್ದರು. ನಾನೂ ಇಡಲಿಲ್ಲ. ಆದರೆ ಆ ಬೇಸಿಗೆ ಒಂದು ಬಿಳಿ ಪಮೇರಿಯನ್ ಮರಿ ಮಾರಾಟವಾಗದೆ ಉಳಿಯಿತು. ಅದರ ಒಂದು ಕಿವಿ ನಿಂತಿರುತ್ತಿತ್ತು, ಇನ್ನೊಂದು ಬಿದ್ದಿರುತ್ತಿತ್ತು. ಬಂದವರೆಲ್ಲ ಆ ಕಿವಿ ನೋಡಿ ಬೇರೆ ಮರಿ ಎತ್ತಿಕೊಂಡು ಹೋಗುತ್ತಿದ್ದರು. ಈ ಬಿಸಿಲೂರಿಗೆ ಕಂಬಳಿ ಹೊದ್ದು ಬಂದ ಹಾಗೆ ಮೈತುಂಬ ಕೂದಲು ಬೇರೆ. ಹೆಸರಿಲ್ಲದ ಅದನ್ನು ನಾನು "ರಾ, ರಾ" ಅಂತ ಕರೆಯುತ್ತಿದ್ದೆ. ಆಂಧ್ರದ ಗಡಿಯಲ್ಲವೇ ನಮ್ಮ ತವರು, ಕೋಳಿ, ಕರು, ಮಕ್ಕಳು ಎಲ್ಲರನ್ನೂ ತೆಲುಗಿನಲ್ಲೇ ಕರೆಯೋದು. ನನ್ನ ದನಿ ಎಲ್ಲಿ ಕೇಳಿದರೂ ಮರಿ ಅಲ್ಲಿಗೆ ಬರಲೇಬೇಕು. ನಡುವೆ ಬಾಗಿಲಿದ್ದರೆ ಮುಂಗಾಲಿನಿಂದ ಕೆರ್ ಕೆರ್ ಅಂತ ಕೆರೆಯುತ್ತಿತ್ತು, ತೆಗೆಯುವವರೆಗೆ ಬಿಡುತ್ತಿರಲಿಲ್ಲ. "ಥೂ ನಿನ್ನ, ಬಂದೆ ಇರು" ಅಂತ ಬೈದುಕೊಂಡೇ ತೆಗೆಯುತ್ತಿದ್ದೆ.

ಆ ವಾರ ಅದಕ್ಕೆ ಕೆಮ್ಮು ಹತ್ತಿತು. ಮೂಗು ಸೋರುತ್ತಿತ್ತು. ಸೋಮವಾರ ಪಶು ಆಸ್ಪತ್ರೆಗೆ ಎತ್ತಿಕೊಂಡು ಹೋಗೋಣ ಅಂತ ನಾನೇ ಹೇಳಿದ್ದೆ.

ಅಷ್ಟರಲ್ಲಿ ಫೋನು ಬಂತು. ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡುವ ಕೊಂಡ್ಲಹಳ್ಳಿಯ ಒಬ್ಬನಿದ್ದ, ನಮ್ಮ ತವರಿನ ಕಡೆಯವನು ಅಂತ ನನ್ನನ್ನು ಅಕ್ಕ ಅನ್ನುತ್ತಿದ್ದ. "ಅಕ್ಕ, ಅಂಗಡಿ ಪರವಾನಗಿಗೆ ಅರ್ಜಿ ಹಾಕಿದ್ರಲ್ಲ, ನಾಳೆ ಹತ್ತು ಗಂಟೆಗೆ ಡಾಕ್ಟ್ರು ಮೇಡಂ ನಿಮ್ಮ ಅಂಗಡಿ ತಪಾಸಣೆಗೆ ಬರ್ತಾರೆ. ಸ್ವಲ್ಪ ನೋಡ್ಕೊಳ್ರಿ" ಅಂದ. ಪಾಪ, ಹೇಳದೆ ಕೇಳದೆ ಒಬ್ಬರ ಮನೆ ಬಾಗಿಲಿಗೆ ಹೋಗಿ ನಿಲ್ಲಬಾರದು ಅನ್ನೋ ಮರ್ಯಾದೆ ಅವನದು. ಅವನ ಮೇಲೆ ನನಗೆ ಇವತ್ತಿಗೂ ಕೋಪವಿಲ್ಲ.

ಅರ್ಜಿಯ ಜೊತೆ ಕೊಟ್ಟಿದ್ದ ನಿಯಮದ ಹಾಳೆಯನ್ನು ನಮ್ಮವರು ಓದಿ ಹೇಳಿದರು. ಇಷ್ಟು ಅಳತೆಯ ಗೂಡಿಗೆ ಇಷ್ಟೇ ಮೊಲ, ಗಾಳಿ ಬೆಳಕು ಹೀಗಿರಬೇಕು, ನೀರು ಹೀಗಿರಬೇಕು. ನನಗೆ ಸಿಟ್ಟೇ ಬಂತು. "ನಾವು ಆರು ಜನ ಮಗ್ಗದ ಗುಂಡಿ ಪಕ್ಕ ಮಲಗಿ ಬೆಳೆದೀವಿ, ಮೊಲಕ್ಕೆ ಮಗ್ಗುಲು ತಿರುಗೋಕೆ ಜಾಗ ಬೇಕಂತೆ!" ಅಂದೆ. ಅಂದೆ ಅಷ್ಟೇ, ಮೊಲ ಹೆಚ್ಚಿದ್ದವು ಅನ್ನೋದು ನಿಜ. ಹೆಚ್ಚಾದ ಮೊಲಗಳನ್ನು ಬುಟ್ಟಿಯಲ್ಲಿ ಹಾಕಿ ಶೀಟಿನ ರೂಮಿನಲ್ಲಿಡೋದು ಅಂತಾಯಿತು. ಕೆಮ್ಮುವ ಮರಿ ಕಂಡರೆ ಪರವಾನಗಿಗೆ ತೊಂದರೆ ಅಂದರು ನಮ್ಮವರು. "ಅದನ್ನೂ ಮೇಲೇ ಬಿಡು. ಅರ್ಧ ಗಂಟೆ ಮಾತು."

ಬೆಳಿಗ್ಗೆ ಒಂಬತ್ತಕ್ಕೆ ನಾನೇ ಎತ್ತಿಕೊಂಡು ಹೋಗಿ ಬಿಟ್ಟೆ. ಆ ರೂಮಿಗೆ ಒಂದೇ ಕಿಟಕಿ. ಅದರ ಕೆಳಗೆ ಒದ್ದೆ ಗೋಣಿಚೀಲ ಹಾಸಿ, ದೊಡ್ಡ ಬೋಗುಣಿಯಲ್ಲಿ ನೀರಿಟ್ಟು, ಬುಟ್ಟಿಯನ್ನೂ ಅಲ್ಲೇ ಇಟ್ಟು, ಹೊರಗಿನಿಂದ ಚಿಲಕ ಹಾಕಿದೆ. ಹನ್ನೊಂದಾದರೂ ಯಾರೂ ಬರಲಿಲ್ಲ. ಮತ್ತೆ ಹೋಗಿ ನೋಡಿದೆ. ಮರಿ ಗೋಣಿಯ ಮೇಲೆ ನಾಲಿಗೆ ಚಾಚಿ ಮಲಗಿತ್ತು, ನನ್ನನ್ನು ನೋಡಿ ಬಾಲ ಅಲ್ಲಾಡಿಸಿತು. ನೀರು ಬದಲಾಯಿಸಿ ಬಂದೆ. "ಪದೇ ಪದೇ ತೆಗೀಬೇಡ, ಓಡಿ ಕೆಳಗೆ ಬಂದ್ರೆ ಏನ್ ಮಾಡ್ತೀಯಾ?" ಅಂದರು ನಮ್ಮವರು.

ಡಾಕ್ಟರು ಬಂದಾಗ ಹನ್ನೆರಡೂವರೆ. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಯಾವುದೋ ಹಳ್ಳಿಯಲ್ಲಿ ಎಮ್ಮೆಗೆ ಕರು ಹಾಕಿಸಿ ಬಂದಿದ್ದಳು, ಅದಕ್ಕೇ ತಡ. ಪ್ರತಿ ಗೂಡಿಗೂ ಕೈ ಹಾಕಿ ನೋಡಿದಳು, ನೀರು ಮೂಸಿದಳು, ಮೀನಿನ ತೊಟ್ಟಿ ಬಗ್ಗಿ ನೋಡಿದಳು. "ಚೆನ್ನಾಗಿ ಇಟ್ಕೊಂಡಿದ್ದೀರಮ್ಮ" ಅಂದಳು. ಹಿಗ್ಗಿಹೋದೆ ನಾನು. ಆಮೇಲೆ ಒಳಗೆ ನಡುಮನೆಯ ಮೆಟ್ಟಿಲ ಕಡೆ ನೋಡಿ, "ಮೇಲೆ ಏನಿದೆ?" ಅಂದಳು.

"ಬೂಸಾ ಚೀಲ ಅದಾವ್ರಿ ಮೇಡಂ. ಇಲಿ ಕಾಟ" ಅಂದೆ. ನಮ್ಮವರು ಹೇಳಿಕೊಟ್ಟ ಮಾತಲ್ಲ, ನನ್ನ ಬಾಯಿಂದಲೇ ಬಂತು.

ಅವಳು ತಪಾಸಣೆಯ ಹಾಳೆಗೆ ಸಹಿ ಹಾಕಿ ಎದ್ದಳು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹೊತ್ತು ಮಧ್ಯಾಹ್ನ, ಆ ಮಗು ಬೆಳಗಿನಿಂದ ಏನೂ ತಿಂದಿಲ್ಲ ಅಂತ ಮುಖ ನೋಡಿದರೇ ತಿಳಿಯುತ್ತಿತ್ತು. ನಾನು ಅವರು ಬರ್ತಾರೆ ಅಂತ ಹೋಳಿಗೆ ಮಾಡಿದ್ದೆ. ಊಟದ ಹೊತ್ತಿಗೆ ಬಂದವರನ್ನು ಬರೀ ಹೊಟ್ಟೆಯಲ್ಲಿ ಕಳಿಸಿದ್ದು ನಮ್ಮ ತವರಿನಲ್ಲಿ ನಾನು ಕಂಡಿಲ್ಲ. "ಬೇಡಮ್ಮ" ಅಂತ ಮೂರು ಸಲ ಅಂದಳು. ನಾನು ಬಿಡುತ್ತೀನಾ? ಕೈ ಹಿಡಿದು ನಡುಮನೆಗೆ ಕರೆತಂದು ಕೂರಿಸಿದೆ. ಅವಳ ಜೊತೆ ಬಂದಿದ್ದ ಆ ಕೊಂಡ್ಲಹಳ್ಳಿಯವನೂ ಕೂತ. ಅವಳ ಬ್ಯಾಗನ್ನು ಆ ಕಡೆ ಇಡೋಕೆ ಹೋದರೆ, "ಇಲ್ಲೇ ಇರಲಿ, ಔಷಧಿ ಇದೆ" ಅಂತ ತಟ್ಟೆ ಪಕ್ಕದಲ್ಲೇ ಇಟ್ಟುಕೊಂಡಳು.

"ಅಯ್ಯೋ, ಇಷ್ಟೇನಾ ಉಣ್ಣೋದು, ಇನ್ನೊಂದು ಹಾಕಿಸ್ಕೊಳ್ರಿ!" ಅಂತ ನನ್ನ ದನಿ ಏರಿದ್ದೇ ತಡ, ಮೇಲೆ ಕೆರ್ ಕೆರ್ ಅಂತು.

ಅವಳು ತಲೆ ಎತ್ತಿದಳು. "ಇಲಿ ರೀ" ಅಂದೆ. ಸದ್ದು ಮುಚ್ಚಬೇಕು ಅಂತ ಇನ್ನೂ ಜೋರಾಗಿ ಮಾತಿಗೆ ಶುರುಮಾಡಿದೆ. ಮೊಳಕಾಲ್ಮೂರು ಸೀರೆ ಹೇಗೆ ನೇಯ್ತಾರೆ, ಅಂಚಿಗೆ ಬಣ್ಣ ಹೇಗೆ ಕೂಡಿಸ್ತಾರೆ, ಬಾಯಿಗೆ ಬಂದದ್ದೆಲ್ಲ ಹೇಳಿದೆ. ನಾನು ಎಷ್ಟು ಕೂಗಿ ಮಾತಾಡುತ್ತಿದ್ದೆನೋ ಅಷ್ಟೂ ಕೆರೆಯುತ್ತಿತ್ತು ಅದು. ಆಗ ನನ್ನ ಮೊದ್ದು ತಲೆಗೆ ಹೊಳೆಯಲಿಲ್ಲ.

ಊಟದ ನಡುವೆ ಅವಳು ತಾನಾಗೇ ಹೇಳಿದಳು. "ಎಷ್ಟೋ ಅಂಗಡಿಯವರು ಕಾಯಿಲೆ ಮರಿ ಮುಚ್ಚಿಡ್ತಾರಮ್ಮ. ಕಾಯಿಲೆ ಬರೋದು ತಪ್ಪಲ್ಲ. ಬೇರೆ ಇಟ್ಟು ಔಷಧಿ ಕೊಡಿಸಿದರೆ ಆಯ್ತು. ಅದನ್ನ ಬರೆಯೋಕೆ ಅಂತಲೇ ತಪಾಸಣೆ ಹಾಳೆಯಲ್ಲಿ ಒಂದು ಕಾಲಂ ಇದೆ."

ನಮ್ಮವರ ಮುಖ ನೋಡಿದೆ. ಅವರು ತಲೆ ತಗ್ಗಿಸಿ ಅನ್ನ ಕಲೆಸತೊಡಗಿದರು. ಮೇಡಂ, ಮೇಲೊಂದು ಮರಿ ಐತೆ, ಒಂಚೂರು ನೋಡ್ರಿ. ಇಷ್ಟೇ ಹೇಳಬೇಕಾಗಿದ್ದು. ಆದರೆ ಎರಡೆರಡು ಸಲ ಇಲಿ ಅಂದಿದ್ದೆನಲ್ಲ, ನನ್ನ ಮನೆಯಲ್ಲಿ ಉಣ್ಣುತ್ತಿರುವವಳ ಮುಂದೆ ಸುಳ್ಳಿ ಅನ್ನಿಸಿಕೊಳ್ಳಬೇಕಲ್ಲ ಅಂತ ನಾಚಿಕೆಯಾಯಿತು. "ತುಪ್ಪ ಹಾಕ್ಲಾ?" ಅಂದೆ.

ಮಜ್ಜಿಗೆ ಬಡಿಸುವ ಹೊತ್ತಿಗೆ ಮೇಲೆ ಸದ್ದು ನಿಂತಿತ್ತು. ಸದ್ಯ, ಸುಮ್ಮನಾಯಿತಪ್ಪ ಅಂತ ನಾನು ಉಸಿರು ಬಿಟ್ಟೆ. ಆ ಉಸಿರು ಬಿಟ್ಟಿದ್ದು ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನಿಸುತ್ತದೆ. ಆಮೇಲೆ ಎಲೆ ಅಡಿಕೆ ಕೊಟ್ಟೆ, ಬಾಗಿಲಲ್ಲಿ ನಿಲ್ಲಿಸಿಕೊಂಡು ಇನ್ನೊಂದಿಷ್ಟು ಮಾತಾಡಿದೆ, ಜೀಪು ತಿರುವು ದಾಟುವವರೆಗೆ ನೋಡಿದೆ.

ಮೆಟ್ಟಿಲು ಹತ್ತುತ್ತಲೇ "ರಾ, ರಾ" ಅಂದೆ. ಚಿಲಕ ತೆಗೆದು ತಳ್ಳಿದರೆ ಬಾಗಿಲಿಗೆ ಏನೋ ಮೆತ್ತಗೆ ಅಡ್ಡ ಇತ್ತು. ಬಾಗಿಲ ಸಂದಿಗೆ ಮೂಗು ಒತ್ತಿಕೊಂಡು ಮಲಗಿತ್ತು. ಮುಂಗಾಲಿನ ಉಗುರಲ್ಲಿ ರಕ್ತ. ಮೈ ಇನ್ನೂ ಸುಡುತ್ತಿತ್ತು, ಆದರೆ ಉಸಿರಿರಲಿಲ್ಲ. ಆ ಕಡೆ ಕಿಟಕಿಯ ಕೆಳಗೆ ಬುಟ್ಟಿಯಲ್ಲಿ ಮೊಲಗಳೆಲ್ಲ ಬದುಕಿದ್ದವು. ಬೋಗುಣಿಯಲ್ಲಿ ನೀರು ಮುಕ್ಕಾಲು ಹಾಗೇ ಇತ್ತು. ಗಾಳಿ, ನೀರು, ಒದ್ದೆ ಗೋಣಿ ಎಲ್ಲ ಬಿಟ್ಟು ಅದು ಬಾಗಿಲ ಹತ್ತಿರದ ಆ ಕಾದ ಕಾವಲಿಯಂಥ ನೆಲಕ್ಕೆ ಬಂದಿತ್ತು. ನನ್ನ ದನಿ ಕೇಳಿ ಬಂದಿತ್ತು. ಅಲ್ಲೇ ಕುಸಿದು ಅತ್ತೆ. ನಮ್ಮವರು ಬಂದು ನೋಡಿ, "ನಾನೇ ಹೇಳಿದ್ದು ಮೇಲೆ ಬಿಡು ಅಂತ, ತಪ್ಪು ನಂದು ಕಣೇ" ಅಂದರು. "ಸುಮ್ಮನಿರ್ರಿ ನೀವು" ಅಂತ ಅವರ ಮೇಲೂ ಹರಿಹಾಯ್ದೆ. ಹಿತ್ತಲಲ್ಲಿ ಅವರೇ ಗುಂಡಿ ತೋಡಿದರು.

ಪರವಾನಗಿಯ ಕಾಗದಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ನೇತುಹಾಕಿದ್ದೇವೆ. ತಪಾಸಣೆಯ ಹಾಳೆಯಲ್ಲಿ ಎಲ್ಲ ಪ್ರಾಣಿಗಳೂ ಆರೋಗ್ಯವಾಗಿವೆ ಅಂತ ಅವಳ ಕೈಬರಹದಲ್ಲೇ ಇದೆ.

ಕೆಲವು ದಿನ ಕಳೆದ ಮೇಲೆ, ತಡೆಯಲಾರದೆ ಪಶು ಆಸ್ಪತ್ರೆಗೆ ಹೋದೆ. ಅವಳು ಸಾಲು ನಿಂತ ಕುರಿಗಳಿಗೆ ಇಂಜೆಕ್ಷನ್ ಕೊಡುತ್ತಿದ್ದಳು. "ಬರ್ರಿ ಅಮ್ಮ, ನಿಮ್ಮ ಹೋಳಿಗೆ ಇನ್ನೂ ಬಾಯಲ್ಲೇ ಇದೆ" ಅಂತ ನಕ್ಕಳು. ಅಷ್ಟು ಕುರಿಗಾರರ ಮುಂದೆ ನಿಂತು ಎಲ್ಲ ಹೇಳಿದೆ. ಮೆಲ್ಲಗೆ ಹೇಳಿದೆ, ಅವಳು ಬಗ್ಗಿ ಕೇಳಬೇಕಾಯಿತು. ಬೈಯಲಿ ಅಂತಲೇ ಹೋಗಿದ್ದೆ. ಅವಳು ಬೈಯಲಿಲ್ಲ.

"ಇಲಿ ಅಂದ್ರಲ್ಲಮ್ಮ, ಅದಾ?" ಅಂದಳು.

ತಲೆ ಆಡಿಸಿದೆ.

"ನಾನು ಕೆಳಗೇ ಕೂತಿದ್ದೆನಲ್ಲಮ್ಮ. ಬ್ಯಾಗೂ ಪಕ್ಕದಲ್ಲೇ ಇತ್ತು" ಅಂದು, ಮುಂದಿನ ಕುರಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.