ಎರಡನೆಯ ಕೂಗು

ನನಗೆ ಕೇಳಿಸಿತ್ತು, ಸದಾ. ಎರಡು ಸಲವೂ. ಕೇಳಿಸಲೇ ಇಲ್ಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಸುಳ್ಳು — ನಿನ್ನ ಹತ್ತಿರ, ನಿನ್ನ ಅಮ್ಮನ ಹತ್ತಿರ, ನನ್ನ ಹೆಂಡತಿಯ ಹತ್ತಿರ ಕೂಡ.

ತೊಂಬತ್ತರ ದಶಕ ಮುಗಿಯುತ್ತಿದ್ದ ಚಳಿಗಾಲ. ಉಚ್ಚಿಲದ ಕಡಲು ಬಿಟ್ಟು ಬೇರೇನೂ ಕಾಣದ ನಾನು ಕಾರ್ಕಳದ ಆಚೆ, ಘಟ್ಟದ ಬುಡದ ನಿಮ್ಮ ಮನೆಗೆ ಬಂದಿದ್ದೆ. ರಕ್ಷಿತಾರಣ್ಯವನ್ನು ಒಬ್ಬನೇ ಸುತ್ತಿ ಬರುತ್ತೇನೆ ಎಂದು ಜಂಬ ಕೊಚ್ಚಿದೆ. “ಬೋಟಿನಲ್ಲಿ ನಿಂತ ಹಾಗಲ್ಲ ಮಾರಾಯ, ಕಾಡು ಅದು,” ಎಂದು ನೀನು ನಕ್ಕೆ. ನಿನ್ನ ಅಮ್ಮ ನಗಲಿಲ್ಲ. “ಕಾಡಲ್ಲಿ ಯಾರಾದರೂ ಕರೆದರೆ ಕೂಡಲೇ ಓಗೊಡಬೇಡ ಮಗಾ. ಪ್ರೇತ ಒಂದೆರಡು ಸಲ ಕರೀತದೆ, ಅಷ್ಟೆ. ಮೂರನೇ ಸಲ ಕರೆದರೆ ಮನುಷ್ಯ,” ಎಂದರು. ಮರುದಿನ ಬೆಳಗ್ಗೆ ನೀವೆಲ್ಲ ಏಳುವ ಮೊದಲೇ ನಾನು ಹೊರಟೆ.

ಎಂಥ ಮಂಜು ಅದು! ಎದುರಿನ ಮರ ಕೈಗೆ ತಾಗಿದ ಮೇಲೆಯೇ ಕಾಣುತ್ತಿತ್ತು. ತರಗೆಲೆಯ ಮೇಲೆ ನನ್ನದೇ ಹೆಜ್ಜೆ ಹಿಂದಿನಿಂದ ಬಂದ ಹಾಗೆ — ನಿಂತರೆ ಅದೂ ನಿಲ್ಲುತ್ತಿತ್ತು. ಎಲ್ಲೋ ತೀರಾ ಹತ್ತಿರ ದೊಡ್ಡದೇನೋ ಬುಸ್ಸೆಂದು ಉಸಿರು ಬಿಟ್ಟಿತು. ಹಿಂದಿರುಗೋಣವೆಂದರೆ ಬಂದ ದಾರಿಯೇ ಕಾಣದು. ಆಗ ಕೆಳಗೆ ನೀರು ಹರಿಯುವ ತೋಡಿನ ಕಡೆಯಿಂದ ಕೂಗು ಬಂತು — “ದಿನೇಶಾ!”

ಉಸಿರು ಬಿಗಿಹಿಡಿದು ಮರಕ್ಕೆ ಒರಗಿ ನಿಂತೆ. ತುಸು ಹೊತ್ತಿನ ಮೇಲೆ ಮತ್ತೆ — “ದಿನೇಶಾ, ಕಾಲು ಮುರೀತು ಮಾರಾಯ... ಬಾ...” ಮೂರನೆಯದಕ್ಕೆ ಕಾದೆ ಎಂದು ಹೇಳಿಬಿಡಬಹುದು. ಇಲ್ಲ, ಕಾಯಲಿಲ್ಲ, ಓಡಿದೆ. ಕಾಲು ಮುರಿದುಕೊಳ್ಳುವ ಪ್ರೇತ ಎಲ್ಲಾದರೂ ಉಂಟಾ? ಅದು ನೀನೆಂದು ನನಗೆ ಗೊತ್ತಿತ್ತು — ಗೊತ್ತಿದ್ದೂ ಆ ಮಂಜಿನೊಳಗೆ ಇಳಿಯಲು ಧೈರ್ಯ ಬರಲಿಲ್ಲ.

ಹೇಗೋ ರಸ್ತೆ ಸಿಕ್ಕಿತು. ಮನೆ ತಲುಪಿದಾಗ ಅಮ್ಮ ಅಂಗಳದಲ್ಲೇ ನಿಂತಿದ್ದರು. “ಸದಾ ನಿನ್ನನ್ನೇ ಹುಡುಕಿಕೊಂಡು ಹೋದನಲ್ಲ, ಸಿಗಲಿಲ್ವಾ? ಅವನು ಕರೆದದ್ದೂ ಕೇಳಲಿಲ್ವಾ?”

“ಇಲ್ಲಮ್ಮ.”

ನನ್ನ ಹೇಡಿತನಕ್ಕಿಂತ ದೊಡ್ಡ ಪಾಪ ಆ ಒಂದು ಮಾತು. ಕೇಳಲಿಲ್ಲ ಎಂದ ಮೇಲೆ ತೋಡಿನ ಕಡೆ ಬೆರಳು ತೋರಿಸುವುದು ಹೇಗೆ? ಊರವರು ಮೇಲಿನ ಗುಡ್ಡವನ್ನೆಲ್ಲ ಹುಡುಕಿದರು. ನಾನೂ ಅವರ ಜೊತೆ ನಿನ್ನ ಹೆಸರು ಕೂಗುತ್ತಾ — ಥೂ, ನೀನಿಲ್ಲದ ಕಡೆ! ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಂಡೇ ಕತ್ತಲಾಯಿತು. ಹೇಳಿದರೆ ಅಮ್ಮ ನನ್ನ ಮುಖ ನೋಡುತ್ತಾರಲ್ಲ — ಕಾಡಿಗಿಂತ ಅದಕ್ಕೇ ಹೆಚ್ಚು ಹೆದರಿದೆ. ಮರುದಿನ ಅದೇ ತೋಡಿನಲ್ಲಿ ನೀನು ಸಿಕ್ಕಿದೆ. ಮಣಿಪಾಲದ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲನ್ನೇ ತೆಗೆದರು. ನಿನ್ನೆಯೇ ತಂದಿದ್ದರೆ — ಎಂದು ಡಾಕ್ಟರು ಅರ್ಧಕ್ಕೆ ನಿಲ್ಲಿಸಿದರು.

ನೀನೋ, ಮಲಗಿದಲ್ಲಿಂದಲೇ ನನಗೆ ಸಮಾಧಾನ ಹೇಳಿದೆ. “ನಿಂಗೆ ಕೇಳಿದ್ದರೆ ಬರದೆ ಇರ್ತಿದ್ಯಾ? ನಂಗೆ ಗೊತ್ತುಂಟು.” ಒಡಹುಟ್ಟಿದವನಿಗಿಂತ ಹೆಚ್ಚು ಎಂದು ಇವತ್ತಿಗೂ ನನ್ನನ್ನು ಊರೆಲ್ಲ ಹೊಗಳುತ್ತೀಯ. ಕೇಳಿದಾಗಲೆಲ್ಲ ಎದೆ ಧಸಕ್ಕೆನ್ನುತ್ತದೆ — ಎಲ್ಲಿ ಗೊತ್ತಾಗಿಬಿಡುತ್ತದೋ ಎಂದು. ಅಮ್ಮ ಆ ಸುಳ್ಳನ್ನು ನಂಬಿಕೊಂಡೇ ತೀರಿಕೊಂಡರು. ಅವರ ಹತ್ತಿರ ಇನ್ನು ಹೇಳುವ ಹಾಗಿಲ್ಲ.

ಈ ಭಾನುವಾರ ಬರುತ್ತೇನೆ. ನಾನು ಬಂದೆನೆಂದರೆ ಬಾಗಿಲಲ್ಲೇ “ಮೊದಲು ಊಟ” ಅನ್ನುವವನು ನೀನು. ಈ ಸಲ ಬಟ್ಟಲು ಇಡಬೇಡ, ಸದಾ. ಇಲ್ಲಿ ಬರೆದ ಇದಿಷ್ಟನ್ನೂ ನಿನ್ನ ಮುಖ ನೋಡಿ ಮತ್ತೊಮ್ಮೆ ಹೇಳುತ್ತೇನೆ; ಆಮೇಲೆ ಇಡಬೇಕೋ ಬೇಡವೋ, ನೀನೇ ನೋಡು.