ಸಾಲು ಸೊಟ್ಟ

ನಮ್ಮ ಮುದ್ರಣಾಲಯದ ಪುಸ್ತಕಗಳಲ್ಲಿ ತಪ್ಪು ಕಾಣದಿದ್ದರೆ ಅದು ಲೇಖಕರ ಪಾಂಡಿತ್ಯವೆಂದು ಓದುಗರು ತಿಳಿಯುತ್ತಾರೆ. ಮೂವತ್ತೆಂಟು ವರ್ಷ ಕರಡು ತಿದ್ದಿ ಈಗ ನಿವೃತ್ತರಾಗುತ್ತಿರುವ ನಮ್ಮ ಮೇಷ್ಟ್ರ ಕಣ್ಣೇ ಅದಕ್ಕೆ ಕಾರಣವೆಂಬುದು ಒಳಗಿನವರಾದ ನಮಗೆ ಮಾತ್ರ ಗೊತ್ತು. ಅವರ ಕೈಕೆಳಗೆ ಪಳಗಿದ ನಾನು, ಅವರ ಅಭಿನಂದನಾ ಗ್ರಂಥದಲ್ಲಿ ಅವರನ್ನು ಹೊಗಳುವಾಗಲೂ ಅವರ ಕೆಂಪು ಪೆನ್ನಿಗೆ ಹೆದರುತ್ತಲೇ ಬರೆಯುತ್ತಿದ್ದೇನೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಪಠ್ಯಪುಸ್ತಕವೊಂದರ ಎರಡು ಪುಟಗಳನ್ನು ಅದಲುಬದಲು ಮಾಡಿದ್ದೆ. ಮಾಲೀಕರು ಕೆಂಡವಾದಾಗ ಮೇಷ್ಟ್ರು ಅಡ್ಡ ಬಂದು, "ಕಡೇಲಿ ನೋಡಿದ್ದು ನಾನೇ, ಬೈಯೋದಿದ್ರೆ ನನ್ನನ್ನ ಬೈಯಿರಿ" ಎಂದರು. ಆಮೇಲೆ ಒಂದು ವಾರ ನನ್ನೊಡನೆ ಮಾತಾಡಲಿಲ್ಲ, ಅದು ಬೇರೆ ವಿಷಯ.

ಹೋದ ವರ್ಷ ಅವರ ಬಲಗಣ್ಣಿನ ಪೊರೆ ತೆಗೆದರು. ಮೂರನೆಯ ದಿನವೇ ಕ್ಯಾಲೆಂಡರಿನ ಮೂಲೆಯ ಸಣ್ಣಕ್ಷರ ಓದಿ ನಮ್ಮನ್ನು ಬೆರಗಾಗಿಸಿದ ಅವರು, ಇಷ್ಟು ಚೆನ್ನಾಗಿ ಕಾಣುವ ಕಣ್ಣಿಗೆ ಔಷಧವೇಕೆಂದು ಎರಡೇ ವಾರಕ್ಕೆ ಹನಿ ಹಾಕಿಕೊಳ್ಳುವುದನ್ನು ನಿಲ್ಲಿಸಿಬಿಟ್ಟರು. ಒಂದೂವರೆ ತಿಂಗಳು ಕಳೆಯುವಷ್ಟರಲ್ಲಿ, ಅಚ್ಚಾದ ಪ್ರತಿ ಹಾಳೆಯ ಅಂಚಿನಲ್ಲೂ "ಸಾಲು ಸೊಟ್ಟ" ಎಂಬ ಕೆಂಪು ಷರಾ ಬೀಳತೊಡಗಿತು. ಮೇಷ್ಟ್ರ ಕಣ್ಣನ್ನೇ ಅನುಮಾನಿಸುವ ಎದೆಗಾರಿಕೆ ಯಾರಿಗಿತ್ತು? ಮಷಿನ್ ನಡೆಸುವ ಅಣ್ಣ ಪಾಪ, ರೋಲರುಗಳನ್ನು ಎರಡು ಸಲ ಬಿಚ್ಚಿ ಜೋಡಿಸಿದರು. ಕೊನೆಗೆ ಸ್ಕೇಲು ಹಿಡಿದು ನನ್ನ ಮುಂದೆ ನಿಂತರು.

"ನೋಡಪ್ಪ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಅವರಿಗೆ ಹೇಳೋರ್ಯಾರು?"

ಹೇಳಿದ್ದು ನಾನು. "ಮೇಷ್ಟ್ರೇ, ಬಲಗಣ್ಣು ಮುಚ್ಚಿ ಒಂದ್ಸಲ ನೋಡಿ."

ಪೊರೆ ಇನ್ನೂ ಉಳಿದಿದ್ದ ಎಡಗಣ್ಣಿಗೆ ಸಾಲು ಮಸುಕಾಗಿ ಕಂಡಿತು, ಆದರೆ ನೆಟ್ಟಗಿತ್ತು. ಮೇಷ್ಟ್ರು ಪೆನ್ನಿನ ಕ್ಯಾಪು ಮುಚ್ಚಿದರು. "ಈ ಕಣ್ಣು ಹೋದ್ರೆ ನಾನ್ಯಾರಯ್ಯ?" ಎಂದಾಗ ನನಗೆ ಅಳು ಬಂತು.

ಕಣ್ಣಿನೊಳಗಿನ ಪರದೆಯ ನಟ್ಟನಡುವೆ ಊತವಿದೆ, ಅದಕ್ಕೇ ನೇರ ಸಾಲು ಸೊಟ್ಟಗೆ ಕಾಣುತ್ತದೆ, ಪೊರೆ ತೆಗೆದ ಮೇಲೆ ಕೆಲವರಿಗೆ ಹೀಗಾಗುವುದುಂಟು, ಬಹುಪಾಲು ಇಳಿಯುತ್ತದೆ ಎಂದು, ಮರುದಿನ ಕರೆದೊಯ್ದಾಗ ಕಣ್ಣಿನ ಡಾಕ್ಟರಮ್ಮ ಧೈರ್ಯ ಹೇಳಿದರು. "ಹನಿ ಯಾಕೆ ನಿಲ್ಲಿಸಿದ್ರಿ? ಚೀಟೀಲಿ ಬರೆದಿತ್ತಲ್ಲ?" ಮೇಷ್ಟ್ರು ಜೇಬಿನಿಂದ ಚೀಟಿ ತೆಗೆದರು. ಅದರಲ್ಲಿದ್ದ ಮೂರು ಕಾಗುಣಿತದ ತಪ್ಪುಗಳನ್ನು ಕೆಂಪಿನಲ್ಲಿ ತಿದ್ದಿದ್ದರು. ಅರ್ಥದ ಕಡೆಗೆ ಮಾತ್ರ ಗಮನ ಹೋಗಿರಲಿಲ್ಲ.

ಮುಂದಿನ ಮೂರು ತಿಂಗಳು ಹೊತ್ತುಹೊತ್ತಿಗೆ ಹನಿ ಹಾಕುವ ಹೊಣೆಯನ್ನು ಮಷಿನ್ ಅಣ್ಣನೇ ಹೊತ್ತರು. ಎರಡು ಸಲ ರೋಲರು ಬಿಚ್ಚಿಸಿದ ಸೇಡನ್ನು ಹೀಗೆ ತೀರಿಸಿಕೊಂಡರೆಂದು ನನ್ನ ಗುಮಾನಿ.

ಪೂಜ್ಯ ಮೇಷ್ಟ್ರು ನೂರ್ಕಾಲ ಬಾಳಲಿ, ನಿವೃತ್ತಿಯ ನಂತರವೂ ನಮ್ಮ ತಪ್ಪುಗಳನ್ನು ಹಿಡಿಯುತ್ತಿರಲಿ ಎಂದು ಹಾರೈಸಿ ಈ ಲೇಖನವನ್ನು ಮುಗಿಸಿದ್ದೆ. ಸನ್ಮಾನಿತರಿಗೆ ಗ್ರಂಥವನ್ನು ಮೊದಲೇ ತೋರಿಸಬಾರದಂತೆ, ಅವರು ಬಿಡಬೇಕಲ್ಲ! ನಿನ್ನೆ ಅಚ್ಚಿನ ಮೊದಲ ಹಾಳೆಯನ್ನು ನನ್ನ ಕೈಯಿಂದ ಕಿತ್ತುಕೊಂಡು, ಆ ಹಾರೈಕೆಯ ಪಕ್ಕದಲ್ಲೇ "ಸಾಲು ಸೊಟ್ಟ" ಎಂದು ಬರೆದರು. ಇಳಿದಿದ್ದ ಊತ ಮತ್ತೆ ಬಂತೇನೋ ಎಂದು ಹೆದರಿ ಕೂಗಿಕೊಂಡೆ. ಮಷಿನ್ ಅಣ್ಣ ಓಡಿ ಬಂದು ಸ್ಕೇಲು ಇಟ್ಟರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಇಟ್ಟರು. ಸಾಲು ನಿಜವಾಗಿಯೂ ಸೊಟ್ಟಗಿತ್ತು.

ಅಣ್ಣ ಸಿಳ್ಳೆ ಹಾಕುತ್ತ ರೋಲರು ಬಿಚ್ಚಲು ಹೋದರು.