ಬಾವಿಯ ಬಲಗಡೆಯ ಮನೆ

ಸಿದ್ರಾಮಪ್ಪ ಕಾಕಾ ನೆಗೆಟಿವ್ ಯಾವ ಕಡೆ ನೆಟ್ಟಗೆ ಎಂಬುದನ್ನು ತುಟಿಯಿಂದ ಹೇಳುತ್ತಿದ್ದರು. ಫಿಲ್ಮಿನ ಮೂಲೆಯನ್ನು ಕೆಳತುಟಿಗೆ ತಾಗಿಸಿ, ಕಣ್ಣು ಮುಚ್ಚಿ, ಒಂದು ಗಳಿಗೆ ಸುಮ್ಮನೆ ನಿಲ್ಲುವರು. ತುಟಿಗೆ ಅಂಟಿದರೆ ಅದು ಚಿತ್ರ ಮೂಡಿದ ಬದಿ, ಕಾಕಾನ ಬಾಯಲ್ಲಿ 'ಮಸಾಲಾ'. ಅಂಟದೆ ಜಾರಿದರೆ ಫಿಲ್ಮಿನ ಬೆನ್ನು. ಈ ಎರಡರಲ್ಲಿ ತಪ್ಪಿದರೆ ಫೋಟೋ ಕನ್ನಡಿಯಲ್ಲಿ ಕಂಡಂತೆ ಬರುತ್ತದೆ, ಎಡ ಬಲವಾಗುತ್ತದೆ. ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ. "ರುಚಿ ಹ್ಯಾಂಗೈತ್ರಿ ಕಾಕಾ?" ಎಂದೆ. "ಊರಿಗೊಂದು ನಮೂನಿ ಇರ್ತೈತವ್ವಾ" ಎಂದರು, ಮುಖದ ಗೆರೆ ಸಹ ಅಲುಗಿಸದೆ.

ಅವರು ಲಿಂಗಸುಗೂರು ಕಡೆಯವರು. ಸರಕಾರಿ ಇಲಾಖೆಯೊಂದರಲ್ಲಿ ಫೋಟೋಗ್ರಾಫರ್ ಆಗಿ ಹೈದರಾಬಾದಿಗೆ ಬಂದು, ತೆಲಂಗಾಣದ ಒಂದೇ ಜಿಲ್ಲೆಯ ಹಳ್ಳಿಗಳನ್ನು ಮೂವತ್ತು ವರ್ಷ ಸುತ್ತಿದವರು. ಚಾವಡಿ, ಬಾವಿ, ಮಗ್ಗದ ಮನೆ, ಗಾಣ, ಕುಂಬಾರರ ಅಂಗಳ, ಹೀಗೆ ಯಾರೂ ಫೋಟೋ ತೆಗೆಸಿಕೊಳ್ಳಬೇಕೆಂದು ಬಯಸದ ಜಾಗಗಳೆಲ್ಲ ಅವರ ಡಬ್ಬಿಗಳಲ್ಲಿದ್ದವು. ನಿವೃತ್ತರಾದ ಮೇಲೆ ನಾರಾಯಣಗೂಡದಲ್ಲಿ ನಮ್ಮ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಕಾಕುವಿನ ಜೊತೆ ಬಾಡಿಗೆಗೆ ಇದ್ದರು. ಕಾಕು ಎಂದರೆ ಅವರ ಹೆಂಡತಿ ನೀಲಮ್ಮ. ಗಂಡನ ಫೋಟೋಗಳನ್ನು ಆಕೆ ಧೂಳು ಒರೆಸುವಾಗ ಬಿಟ್ಟರೆ ಬೇರೆ ಹೊತ್ತಿನಲ್ಲಿ ನೋಡಿದ್ದು ನನಗೆ ನೆನಪಿಲ್ಲ.

ಕಾಕಾ ಹಳ್ಳಿಯಲ್ಲಿ ಯಾರ ಹೆಸರನ್ನೂ ಕೇಳುತ್ತಿರಲಿಲ್ಲವಂತೆ. "ಹೆಸರು ಕೇಳಿದ್ರ ಮಂದಿ ನೆಟ್ಟಗ ನಿಂತುಬಿಡ್ತಾರ, ಕೆಲಸ ಕೆಡ್ತೈತಿ" ಎನ್ನುವರು. ಜನ ಸೇರಿದರೆ ಕ್ಯಾಮೆರಾವನ್ನು ಬೇರೆ ಕಡೆ ತಿರುಗಿಸಿ, ಅವರಿಗೆ ಬೇಸರ ಬಂದು ತಮ್ಮ ಕೆಲಸಕ್ಕೆ ಮರಳುವ ತನಕ ಬೀಡಿ ಸೇದುತ್ತ ಕೂತಿರುತ್ತಿದ್ದರು. ಒಬ್ಬರಿಗೂ ಒಂದು ಪ್ರತಿ ಕೊಟ್ಟವರಲ್ಲ. ನೆಗೆಟಿವ್ ಸರಕಾರದ್ದು ಎಂಬ ನೆಪ ಇತ್ತು, ನಿಜವಾದ ಕಾರಣ ಅವರಿಗೆ ಮನುಷ್ಯರ ಮಾತಿನಲ್ಲಿ ನಂಬಿಕೆ ಕಡಿಮೆ ಎಂಬುದು. "ಮಂದಿ ಮರೀತಾರ, ತಂಗೀ. ಫೋಟೋ ಮರಿಯಂಗಿಲ್ಲ" ಎಂದು ದಿನಕ್ಕೊಮ್ಮೆಯಾದರೂ ಹೇಳುವರು. ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ನನಗೆ ಅದು ಹಿತವಾಗಿಯೇ ಕೇಳಿಸುತ್ತಿತ್ತು.

ಅವರ ಫೋಟೋಗಳನ್ನು ಸ್ಕ್ಯಾನ್ ಮಾಡುವ ಕೆಲಸ ನನ್ನ ತಲೆಗೆ ಬಂದದ್ದು ಹೀಗೆಯೇ. ಸಿಕಂದರಾಬಾದಿನಲ್ಲಿ ಪ್ರದರ್ಶನ ಏರ್ಪಾಡಾಗುತ್ತಿತ್ತು, ಜೊತೆಗೊಂದು ಆಲ್ಬಮ್. ಮುಖಪುಟಕ್ಕೆ ಆಯ್ಕೆಯಾದದ್ದು ಪೆದ್ದಕುಂಟ ಎಂಬ ಹಳ್ಳಿಯ ಮೆಟ್ಟಿಲು ಬಾವಿಯ ಫೋಟೋ. ನಡುವೆ ಬಾವಿ, ಅದರ ಎಡಕ್ಕೆ ಹೆಂಚಿನ ಮನೆ, ಹೊಸ್ತಿಲಲ್ಲಿ ಮೊರ ಹಿಡಿದ ಹೆಂಗಸು. ಬಲಕ್ಕೆ ಬರೀ ನೆಲ, ಗೂಟಕ್ಕೆ ಕಟ್ಟಿದ ಒಂದು ಎಮ್ಮೆ ಕರು.

ಒಂದು ದಿನ ಜಿಲ್ಲಾ ಕಚೇರಿಯಿಂದ ಒಬ್ಬ ನೌಕರ ಬಂದ. ಪೆದ್ದಕುಂಟದಲ್ಲಿ ರಸ್ತೆ ಅಗಲ ಮಾಡುತ್ತಿದ್ದಾರೆ, ಹಳೆಯ ಮನೆಗಳವರಿಗೆ ಬೇರೆ ಜಾಗ, ಮನೆ ಕೊಡುತ್ತಾರೆ, ಆಮೇಲೆ ಕಟ್ಟಿಕೊಂಡವರನ್ನು ಬರೀ ಎಬ್ಬಿಸುತ್ತಾರೆ. ಬಾವಿಯ ಬಲಗಡೆ ಈಗ ಇರುವ ಮನೆ ಹಳೆಯದೋ ಹೊಸದೋ ಎಂಬುದಕ್ಕೆ ಕಾಗದವಿಲ್ಲ, ತಮ್ಮ ಫೋಟೋ ಇದೆಯಂತಲ್ಲ ಎಂದ. ಕಾಕಾ ಹಿಗ್ಗಿ ಹೀರೇಕಾಯಿಯಾದರು. ಪ್ರತಿ ಕೊಟ್ಟು, ಅದರ ಹಿಂದೆ 'ಸ್ಥಳದಲ್ಲಿ ಕಂಡಂತೆಯೇ ಇದೆ' ಎಂದು ತೆಲುಗಿನಲ್ಲಿ ಬರೆದು ಸಹಿ ಹಾಕಿದರು. ಚಹಾ ಕೊಟ್ಟು ಕಳಿಸಿದ್ದು ನಾನೇ.

ಹದಿನೈದು ದಿನ ಕಳೆದಿರಬೇಕು. ಬೆಳಿಗ್ಗೆ ಹತ್ತರ ಸುಮಾರಿಗೆ ರಾಜವ್ವ ಬಂದಳು. ಅರವತ್ತು ದಾಟಿದ ಗಟ್ಟಿ ಹೆಂಗಸು. ಬಾವಿಯ ಬಲಗಡೆಯ ಮನೆ ಆಕೆಯದು. ಕಚೇರಿಯಲ್ಲಿ ಫೋಟೋದ ಹಿಂದಿನ ಸಹಿ ತೋರಿಸಿ ಓದಿ ಹೇಳಿದ್ದರಂತೆ, ಹೆಸರು ಕೇಳುತ್ತ ಕೇಳುತ್ತ ಬಂದಿದ್ದಳು. ಮರುದಿನ ಹನ್ನೊಂದಕ್ಕೆ ವಿಚಾರಣೆ. ಅಲ್ಲಿ ಫೋಟೋ ನಿಂತರೆ ಆಕೆಯ ಮನೆ ಕಬಳಿಸಿದ ಜಾಗ ಎಂದಾಗುತ್ತದೆ, ಬೇರೆ ಜಾಗವೂ ಸಿಗುವುದಿಲ್ಲ. ಗೋಡೆಯ ಮೇಲೆ ತೂಗುಹಾಕಿದ್ದ ದೊಡ್ಡ ಫೋಟೋದ ಮುಂದೆ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ತೆಲುಗಿನಲ್ಲಿ ಕೇಳಿದಳು:

"ಇದು ನಮ್ಮ ಮನೆ, ಸಾರು. ಇವಳು ನಮ್ಮ ಅತ್ತೆ. ನಾನು ಮದುವೆಯಾಗಿ ಬಂದ ಹೊಸ್ತಿಲು ಇದು. ಬಾವಿಯ ಆ ಕಡೆಯಿಂದ ಈ ಕಡೆಗೆ ಇದನ್ನು ಯಾರು ತಂದಿಟ್ಟರು?"

ಕಾಕಾ ತೆಲುಗು ಚೆನ್ನಾಗಿ ಮಾತಾಡುತ್ತಿದ್ದರು, ಸಿಟ್ಟು ಬಂದರೆ ಮಾತ್ರ ಕನ್ನಡಕ್ಕೆ ಜಾರುವರು. "ಯಾರರ ತಂದಿಡಾಕ ಅದೇನ್ ಹಾಸಿಗಿಯೇನು? ಮನಿ ಎಡಕ್ಕಿತ್ತು, ಎಡಕ್ಕೈತಿ. ನಾ ನಿಂತು ತೆಗೆದೀನಿ" ಎಂದರು. ಆಕೆಗೆ ಮಾತು ತಿಳಿಯದಿದ್ದರೂ ದನಿ ತಿಳಿಯಿತು. ಎದ್ದು ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತಳು. ತಾನು ಸುಳ್ಳು ಹೇಳುತ್ತಿಲ್ಲ, ಸಾರು ಸುಳ್ಳು ಹೇಳುತ್ತಾರೆ ಎಂದೂ ಅನ್ನುತ್ತಿಲ್ಲ, ಆದರೆ ತನ್ನ ಅತ್ತೆ ಜನ್ಮದಲ್ಲಿ ಬಲ ಭುಜದ ಮೇಲೆ ಸೆರಗು ಹಾಕಿದವಳಲ್ಲ ಎಂದಳು.

ನಾನು ಫೋಟೋ ನೋಡಿದೆ. ಸೆರಗು ಬಲ ಭುಜದ ಮೇಲಿತ್ತು. ಅದನ್ನು ನೂರು ಸಲ ನೋಡಿದ್ದೆ, ಏನೂ ಅನ್ನಿಸಿರಲಿಲ್ಲ. ಅನ್ನಿಸುವುದಾದರೂ ಹೇಗೆ, ನಮ್ಮ ಅಜ್ಜಿ ಹಾಗೇ ಹಾಕುತ್ತಿದ್ದಳು, ಕಾಕು ಹಾಗೇ ಹಾಕುತ್ತಾಳೆ. ಕಾಕಾ ಕೂಡ ನೀರು ತಂದ ಹೆಂಡತಿಯ ಕಡೆ ಕೈ ಮಾಡಿ, "ಇಕಿ ಹಾಕ್ಕೊಂಡಿಲ್ಲೇನು?" ಎಂದರು.

ಕಾಕು ತಂಬಿಗೆಯನ್ನು ರಾಜವ್ವನ ಕೈಗೆ ಕೊಟ್ಟು ಫೋಟೋದ ಹತ್ತಿರ ಹೋದಳು. "ನಾವು ಹಾಕ್ಕೋತೀವ್ರಿ, ನಮ್ಮೂರ ಕಡಿ" ಎಂದಳು. "ಈಕಿದು ನೋಡ್ರಿ, ಎಡಕ್ಕೈತಿ. ಆ ಊರಾಗ ಉಳಿದ ಹೆಂಗಸರದು ಯಾ ಕಡಿ ಐತಿ, ನೋಡೀರೇನು?"

ರಾಜವ್ವನ ಸೆರಗು ಎಡಕ್ಕಿತ್ತು. ನಾನು ಲ್ಯಾಪ್‌ಟಾಪ್ ತೆರೆದೆ. ಪೆದ್ದಕುಂಟದ ಬೇರೆ ಫೋಟೋಗಳನ್ನು ಒಂದೊಂದಾಗಿ ತೆಗೆಯುತ್ತ ಹೋದೆ. ನಾಟಿ ಮಾಡುವವರು, ನೀರು ಸೇದುವವರು, ಮಗು ಎತ್ತಿಕೊಂಡವಳು. ಒಬ್ಬರದೂ ಬಲಕ್ಕಿರಲಿಲ್ಲ. ಕಾಕಾ ಒಳಗೆ ಹೋಗಿ ಆ ನೆಗೆಟಿವ್ ತಂದು ತುಟಿಗೆ ತಾಗಿಸಿದರು. ಇನ್ನೊಮ್ಮೆ ತಾಗಿಸಿದರು. ತುಟಿಯ ಪ್ರಕಾರ ಫೋಟೋ ಸರಿಯಾಗಿಯೇ ಇತ್ತು. ಆಮೇಲೆ ಅದನ್ನು ಬೆಳಕಿಗೆ ಹಿಡಿದು ಅಂಚು ನೋಡಿದರು, ಅಲ್ಲಿ ಇರಬೇಕಾದ ಕಂಪನಿಯ ಅಕ್ಷರ ಇರಲಿಲ್ಲ. ಕುರ್ಚಿ ಹುಡುಕಿ ಕೂತರು.

"ಇದು ಅಸಲಿ ಅಲ್ಲವ್ವಾ. ನಕಲು" ಎಂದರು.

ಅಸಲಿಗೆ ಬೂಷ್ಟು ಹಿಡಿಯತೊಡಗಿದಾಗ ಎಷ್ಟೋ ವರ್ಷದ ಹಿಂದೆ ಫಿಲ್ಮಿನ ಮೇಲೆ ಫಿಲ್ಮ್ ಇಟ್ಟು ನಕಲು ತೆಗೆದಿದ್ದರು. ಹಾಗೆ ತೆಗೆದ ನಕಲಿನಲ್ಲಿ ಮಸಾಲಾ ಇನ್ನೊಂದು ಬದಿಗೆ ಬರುತ್ತದೆ, ತುಟಿಗೆ ಅಂಟುವುದೇ ತಪ್ಪು ಬದಿಯಾಗುತ್ತದೆ. ಗುರುತಿಗೆಂದು ಪ್ರತಿ ನಕಲಿನ ಮೂಲೆಗೆ ಕತ್ತರಿ ಹಾಕುತ್ತಿದ್ದರು. ಇದಕ್ಕೆ ಹಾಕುವುದು ಮರೆತಿದ್ದರು. "ಮಂದಿ ಅಲ್ಲ, ನಾ ಮರತೀನಿ" ಎಂದರು.

ನನಗೆ ಅವರ ಮೇಲೆ ಕರುಣೆ ಬಂತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಇನ್ನು ಎಂಟು ದಿನಕ್ಕೆ ಪ್ರದರ್ಶನ. ಮುದ್ರಿಸಿಕೊಟ್ಟ ಅಂಗಡಿಯವರು ತಿರುಗಿಸಿಬಿಟ್ಟರು ಎಂದು ಹೇಳಿಬಿಡೋಣ, ಯಾರಿಗೂ ತೊಂದರೆಯಿಲ್ಲ ಎಂದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

"ಹಿಂದ ಸಹಿ ಅಂಗಡಿಯವ್ರು ಮಾಡ್ಯಾರೇನು?" ಎಂದರು ಕಾಕಾ. ಅಷ್ಟೇ.

ಆದರೆ ಬಾಯಿಮಾತಿಗೆ ಬೆಲೆಯಿರಲಿಲ್ಲ. ನಿನ್ನೆ ಒಂದು ಹೇಳಿದ ಮುದುಕ ಇಂದು ಇನ್ನೊಂದು ಹೇಳುತ್ತಾನೆ ಎಂದರೆ ಮುಗಿಯಿತು. ಅಸಲಿ ಬೇಕಿತ್ತು. ಅದರ ಅಂಚಿನಲ್ಲಿ ಕಂಪನಿಯ ಅಕ್ಷರ, ಅಂಕಿ ಇರುತ್ತವೆ. ಅವು ನೆಟ್ಟಗೆ ಓದಿಸಿಕೊಳ್ಳುವ ಬದಿಯೇ ಸರಿಯಾದ ಬದಿ, ಅದನ್ನು ಯಾರಿಗೆ ಬೇಕಾದರೂ ತೋರಿಸಬಹುದು. ಹಳೆಯ ಡಬ್ಬಿಗಳನ್ನೆಲ್ಲ ಇಳಿಸಿದೆವು. ಮಧ್ಯಾಹ್ನ ಎರಡಕ್ಕೆ ಸಿಕ್ಕಿತು, ತೇವಕ್ಕೆ ಕಾಗದದ ಲಕೋಟೆಗೆ ಅಂಟಿಹೋಗಿತ್ತು. ಕಾಕಾ ಪರಾತದಲ್ಲಿ ನೀರು ಹಾಕಿಸಿ ಅದನ್ನು ಮುಳುಗಿಸಿದರು. ನೆನೆದರೆ ಕಾಗದ ಬಿಡುತ್ತದೆ, ಹೆಚ್ಚು ನೆನೆದರೆ ಚಿತ್ರವೇ ಕೆನೆಯ ಹಾಗೆ ಕಿತ್ತು ಬರುತ್ತದೆ. ಕಾಗದದ ಅಂಚು ಅವರ ಉಗುರಿಗೆ ಸಿಗಲಿಲ್ಲ. "ನೀ ಹಿಡಿ" ಎಂದರು. ನಾನು ಹಿಡಿದೆ. ರಾಜವ್ವ ಊಟಕ್ಕೂ ಏಳದೆ ನೋಡುತ್ತ ಕೂತಿದ್ದಳು. ಕಾಗದವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಸರಿಸಿದೆ. ನಡುವೆ ಒಂದು ಕಡೆ ಚರ್ಮ ಸುಲಿದಂತೆ ಚಿತ್ರ ಮೇಲೆದ್ದಿತು. ಬಾವಿಯ ಮೆಟ್ಟಿಲು, ಹೊಸ್ತಿಲ ಹೆಂಗಸು, ಎರಡೂ ಕಾಗದದ ಜೊತೆ ಹೋದವು. ಕಾಕಾ ಪರಾತವನ್ನು ಬೆಳಕಿನ ಕಡೆ ಸರಿಸಿದರು. ಮನೆ ಉಳಿಯಿತು, ಕರು ಉಳಿಯಿತು, ಅಂಚಿನ ಅಂಕಿಗಳು ಉಳಿದವು. ಅಂಕಿಗಳನ್ನು ನೆಟ್ಟಗೆ ಹಿಡಿದರೆ ಮನೆ ಬಲಕ್ಕಿತ್ತು.

ಮರುದಿನ ಬೆಳಿಗ್ಗೆ ಸಿಕಂದರಾಬಾದಿನಿಂದ ಬಸ್ಸು ಹಿಡಿದು ಕಾಕಾ, ರಾಜವ್ವ, ನಾನು ಮೂವರೂ ಜಿಲ್ಲಾ ಕಚೇರಿಗೆ ಹೋದೆವು. ದಾರಿಯುದ್ದಕ್ಕೂ ಕಾಕಾ ನೆಗೆಟಿವ್ ಇಟ್ಟ ಪುಸ್ತಕವನ್ನು ತೊಡೆಯ ಮೇಲೆ ಎರಡೂ ಕೈಯಿಂದ ಒತ್ತಿ ಹಿಡಿದಿದ್ದರು. ಅಧಿಕಾರಿ ಯುವಕ, ಮರ್ಯಾದಸ್ಥ, ಅದೇ ಹೆಚ್ಚು ಭಯ ಹುಟ್ಟಿಸುವಂತಿತ್ತು. ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿದ. ಕಾಕಾ ತಪ್ಪು ತನ್ನದೆಂದು, ಹೇಗಾಯಿತೆಂದು, ಸಹಿ ಹಿಂದಕ್ಕೆ ತೆಗೆದುಕೊಳ್ಳುತ್ತೇನೆಂದು ನಿಂತುಕೊಂಡೇ ಹೇಳಿದರು. ಕೋಣೆಯಲ್ಲಿದ್ದವರೆಲ್ಲ ಅವರನ್ನೇ ನೋಡುತ್ತಿದ್ದರು.

"ನಿಮ್ಮ ಬೇರೆ ಫೋಟೋಗಳನ್ನೂ ನಾವು ದಾಖಲೆಗೆ ತೆಗೆದುಕೊಂಡಿದ್ದೇವೆ" ಎಂದ ಅಧಿಕಾರಿ. "ಅವುಗಳಲ್ಲಿ ಎಷ್ಟು ಹೀಗೆ ತಿರುಗಿವೆ?"

ಇದೊಂದೇ ಎನ್ನಿ ಕಾಕಾ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಗೊತ್ತಿಲ್ಲ ಸಾಬ್" ಎಂದರು. "ಇದರದು ಗೊತ್ತೈತಿ." ತಾನು ಕನ್ನಡಕ್ಕೆ ಜಾರಿದ್ದು ತಿಳಿದು ಅದನ್ನೇ ತೆಲುಗಿನಲ್ಲಿ ಮತ್ತೊಮ್ಮೆ ಹೇಳಿದರು.

ಮೂರು ವಾರದ ಮೇಲೆ ರಾಜವ್ವನ ಹೆಸರು ಹಳೆಯ ಮನೆಗಳ ಪಟ್ಟಿಯಲ್ಲಿ ಬಂತು. ಹಳೆಯ ಮನೆ ರಸ್ತೆಗೆ ಹೋಗುವುದು ತಪ್ಪಲಿಲ್ಲ, ಆದರೆ ಊರಾಚೆ ಜಾಗ, ಮನೆ ಸಿಕ್ಕಿತು. ಇತ್ತ ಸುದ್ದಿ ವಿಚಾರಣೆಯ ಮರುದಿನವೇ ಪ್ರದರ್ಶನದವರ ಕಿವಿಗೆ ಬಿದ್ದಿತ್ತು. ಎಲ್ಲವನ್ನೂ ಪರೀಕ್ಷಿಸಿದ ಮೇಲೆ ನೋಡೋಣ ಎಂದರು, ಪ್ರದರ್ಶನ, ಆಲ್ಬಮ್ ಎರಡೂ ನಿಂತವು. ನನಗೆ ಅವರ ಮೇಲೆ ವಿಪರೀತ ಸಿಟ್ಟು ಬಂತು. ನಿಜ ಹೇಳಬೇಕೆಂದರೆ ಕಾಕಾನ ಮೇಲೂ ಸ್ವಲ್ಪ ಬಂತು.

ಅಲ್ಲಿಂದ ಕಾಕಾ ಬೇರೆಯೇ ಮನುಷ್ಯರಾದರು. ಅಸಲಿ ಕೆಟ್ಟುಹೋಗಿ ನಕಲು ಮಾತ್ರ ಉಳಿದಿದ್ದ ಫೋಟೋಗಳೇ ಮುನ್ನೂರರ ಮೇಲಿದ್ದವು. ಕೆಲವು ನಕಲಿನ ನಕಲು, ಯಾವುದು ಎಷ್ಟು ಸಲ ತಿರುಗಿದೆ ಎಂದು ಫಿಲ್ಮ್ ನೋಡಿ, ಮೂಲೆ ನೋಡಿ ಹೇಳುವಂತಿರಲಿಲ್ಲ. ಅವುಗಳ ಪ್ರತಿಗಳನ್ನು ಚೀಲದಲ್ಲಿ ತುಂಬಿಕೊಂಡು ವಾರಕ್ಕೆರಡು ಸಲ ಹಳ್ಳಿಗಳಿಗೆ ಹೊರಟರು. ಹೆಸರೇ ಕೇಳದಿದ್ದವರು ಈಗ ಅಂಗಳದಲ್ಲಿ ಕೂತು, ಇದು ಯಾರ ಮನೆ, ಬಾಗಿಲು ಯಾವ ಕಡೆಗಿತ್ತು, ಇವರು ನಿಮಗೇನಾಗಬೇಕು ಎಂದು ಕೇಳುತ್ತಿದ್ದರು. ಫೋಟೋ ಸರಿಯಿದ್ದರೆ ಅವರಿಗೇ ಕೊಟ್ಟು ಬರುತ್ತಿದ್ದರು.

ನಾನು ಅವರನ್ನು ಕೊನೆಗೆ ಹಾಗೆ ನೋಡಿದ್ದು ಕೋಠಿಯ ಬಸ್ ಸ್ಟಾಪಿನಲ್ಲಿ. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು, ಉಸಿರು ಸಣ್ಣಗಾಗಿತ್ತು. "ಸಾಕು ಮಾಡ್ರಿ ಕಾಕಾ, ತಿರುಗಿದ್ದು ಇನ್ನ ಒಂದೂ ಸಿಗಂಗಿಲ್ಲ" ಎಂದು ಗದರಿದೆ. "ಆ ಸಾಹೇಬ ಎಷ್ಟು ಅಂತ ಕೇಳ್ಯಾನ, ಹೌದಿಲ್ಲೋ?" ಎಂದರು. "ಉತ್ತರ ಕೊಡಬೇಕಲ್ಲ ತಂಗೀ. ಇನ್ನಾ ಹದಿನಾಲ್ಕು ಊರು ಉಳದಾವ." ಬಸ್ಸು ಬಂತು. ಹತ್ತಲು ಕೈ ಕೊಟ್ಟೆ. ಆ ಚಳಿಗಾಲ ಅವರು ಎರಡು ದಿನ ಮಲಗಿ ಹೋಗಿಬಿಟ್ಟರು.

ಕಾಕು ಚೀಲವನ್ನು ನನಗೆ ಕೊಟ್ಟಳು. ನಾನು ಅದನ್ನು ಒಂದು ವರ್ಷ ಮುಟ್ಟಲಿಲ್ಲ. ಪರೀಕ್ಷೆ, ಪೇಪರು, ಮನೆ ಎಂದು ನೆಪ ಹೇಳಿಕೊಂಡೆ. ಹೆದರಿದ್ದೆ ಎಂಬುದು ಸರಿಯಾದ ಮಾತು.

ಕಳೆದ ತಿಂಗಳು ಉಳಿದ ಹದಿನಾಲ್ಕರಲ್ಲಿ ಮೊದಲ ಊರಿಗೆ ಹೋದೆ. ಫೋಟೋದಲ್ಲಿ ಒಂದು ಕುಲುಮೆ ಇತ್ತು, ಸುತ್ತಿಗೆ ಎತ್ತಿದ ಕಮ್ಮಾರನಿದ್ದ. ಅವನ ಮಗ ಈಗ ಮುದುಕ. ಕನ್ನಡಕ ಹಾಕಿಕೊಂಡು, ಫೋಟೋವನ್ನು ಹತ್ತಿರ ದೂರ ಹಿಡಿದು ನೋಡಿದ. ನಮ್ಮಪ್ಪನೇ, ಆದರೆ ನಮ್ಮಪ್ಪ ಎಡಚನಲ್ಲ, ಬಲಗೈಯಲ್ಲಿ ಹೊಡೆಯುತ್ತಿದ್ದ, ಇದು ತಿರುಗಿದೆ ಎಂದ. ನಾನು ಅದರ ಹಿಂದೆ ಪೆನ್ಸಿಲಿನಲ್ಲಿ 'ಎರಡು' ಎಂದು ಬರೆದೆ, ತಿರುಗಿದ್ದರ ಲೆಕ್ಕದಲ್ಲಿ ಬಾವಿಯ ಫೋಟೋ ಒಂದು, ಇದು ಎರಡನೆಯದು. ತಿರುಗಿದ ಫೋಟೋವನ್ನು ಅವನು ಮತ್ತೆ ಕೈಗೆ ತೆಗೆದುಕೊಂಡು ಎದೆಗೆ ಒತ್ತಿ ಹಿಡಿದ, ವಾಪಸು ಕೊಡುವ ಲಕ್ಷಣವಿರಲಿಲ್ಲ. ಇದನ್ನು ತೆಗೆದವರು ಯಾರು ಎಂದು ಕೇಳಿದ.

ನಮ್ಮ ಕಾಕಾ ಎಂದೆ.